ಅಪ್ಪನ ರೇಡಿಯೊ ಮೇಲಿನ ಗೀರು: ಪ್ಲಾಸ್ಟಿಕ್ ಮೈಗೆ ಮನೆಯಲ್ಲೇ ಹೊಳಪು ತರುವ ಬಗೆ

ನಮ್ಮ ಅಪ್ಪನ ಹತ್ತಿರ ಒಂದು ಜೇಬು ರೇಡಿಯೊ ಇದೆ. ಕಪ್ಪು ಬಾಡಿ, ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ, ಅದರೊಳಗೆ ಸ್ಟೇಷನ್ ತೋರಿಸುವ ಕೆಂಪು ಮುಳ್ಳು. ಬೆಳಗ್ಗೆ ಹೊಸಪೇಟೆ ಆಕಾಶವಾಣಿ ಕೇಳದೆ ಅವರಿಗೆ ಚಹಾ ರುಚಿಸುವುದಿಲ್ಲ. ಹೋದ ಬೇಸಿಗೆಯಲ್ಲಿ ಒಂದಿನ ರೇಡಿಯೊನ ಕಣ್ಣ ಹತ್ತಿರ ಹಿಡಿದು, "ನೋಡಪಾ, ಮುಳ್ಳು ಎಲ್ಲೈತಿ ಅಂತ ಕಾಣವಲ್ದು" ಅಂದರು. ಕಣ್ಣು ತೋರಿಸಬೇಕೇನೋ ಅಂತ ನನಗೆ ಗಾಬರಿ. ರೇಡಿಯೊ ಕೈಗೆ ತಗೊಂಡು ನೋಡಿದರೆ ಕಿಟಕಿಯ ತುಂಬ ಗೀರು. ಹೊಗೆ ಹಿಡಿದ ಗಾಜಿನ ಹಾಗೆ ಮಸಕಾಗಿತ್ತು. ಒಳಗಿನ ಮುಳ್ಳು ನನಗೂ ಕಾಣಲಿಲ್ಲ.

ಅದನ್ನು ಸರಿಮಾಡಲು ಒಂದು ಭಾನುವಾರ ಮಧ್ಯಾಹ್ನ ಸಾಕಾಯಿತು. ಆಮೇಲೆ ಮನೆಯ ಹಳೇ ಕೀಪ್ಯಾಡ್ ಫೋನು, ತಂಗಿಯ ಇಯರ್‌ಬಡ್ಸ್ ಡಬ್ಬಿ, ಪಕ್ಕದ ಮನೆಯವರ ಬ್ಲೂಟೂತ್ ಸ್ಪೀಕರ್ ಎಲ್ಲಾ ನನ್ನ ಕೈಗೆ ಬಂದವು. ಕೆಲವು ಹೊಸದರಂತಾದವು, ಒಂದು ಹಾಳೂ ಆಯಿತು. ಅದನ್ನೂ ಹೇಳುತ್ತೇನೆ.

ಮೊದಲು ಗೀರು ಯಾಕೆ ಬೀಳುತ್ತದೆ ಅಂತ ತಿಳಿದುಕೊಳ್ಳಿ. ಬಳ್ಳಾರಿಯಲ್ಲಿ ಇರುವವರಿಗೆ ಧೂಳಿನ ಬಗ್ಗೆ ಯಾರೂ ಪಾಠ ಹೇಳಬೇಕಿಲ್ಲ. ತೋರಣಗಲ್ಲು, ಸಂಡೂರು ಕಡೆ ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಒಂದು ಸಲ ಬೈಕಿನಲ್ಲಿ ಹೋಗಿ ಬಂದರೆ ಅಂಗಿಯ ಕಾಲರ್ ಕೆಂಪಾಗುತ್ತದೆ. ಆ ಕೆಂಪು ಧೂಳು ಹೆಮಟೈಟ್, ಅಂದರೆ ಕಬ್ಬಿಣದ ಅದಿರು. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಅದು 5.5ರಿಂದ 6.5. ಹೊಳೆಯ ಉಸುಕಿನಲ್ಲಿರುವ ಬೆಣಚು ಇನ್ನೂ ಗಟ್ಟಿ, ಅದು 7. ಇವೆರಡರ ಮುಂದೆ ನಮ್ಮ ಫೋನಿನ ಪ್ಲಾಸ್ಟಿಕ್ ಬೆಣ್ಣೆ ಇದ್ದ ಹಾಗೆ. ಅಪ್ಪ ದಿನಾ ಸಂಜೆ ಹೆಗಲ ಮೇಲಿನ ಟವೆಲ್‌ನಿಂದ ರೇಡಿಯೊ ಒರೆಸುತ್ತಿದ್ದರು. ಸ್ವಚ್ಛ ಮಾಡುತ್ತಿದ್ದೇನೆ ಅಂತ ಅವರ ಭಾವನೆ. ಆದರೆ ಒಣ ಬಟ್ಟೆ ಮತ್ತು ಪ್ಲಾಸ್ಟಿಕ್ ನಡುವೆ ಸಿಕ್ಕ ಧೂಳು ಪಾಲಿಷ್ ಪೇಪರ್‌ನ ಕೆಲಸವನ್ನೇ ಮಾಡುತ್ತಿತ್ತು.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಚಿನ್ನದ ಒಡವೆಗೆ ಹೊಳಪು ಕೊಡಲು ರೂಜ್ ಅನ್ನೋ ಕೆಂಪು ಪುಡಿ ಬಳಸುತ್ತಾರಲ್ಲ, ಅದೂ ಕಬ್ಬಿಣದ ಆಕ್ಸೈಡೇ. ನಮ್ಮ ಗುಡ್ಡದ ಹೆಮಟೈಟೂ ಅದೇ ವಸ್ತು. ಒರಟು ಕಣವಾಗಿದ್ದರೆ ಗೀರು ಹಾಕುತ್ತದೆ, ಸಿಕ್ಕಾಪಟ್ಟೆ ನುಣುಪಾಗಿ ಅರೆದರೆ ಕನ್ನಡಿಯಂಥ ಹೊಳಪು ಕೊಡುತ್ತದೆ. ಗೀರು ಹಾಕುವುದು, ಗೀರು ತೆಗೆಯುವುದು ಬೇರೆ ಬೇರೆ ಕೆಲಸ ಅಲ್ಲ. ಕಣದ ಗಾತ್ರ ಮಾತ್ರ ಬೇರೆ. ಗೀರನ್ನು ಯಾರೂ ಅಳಿಸಲಾರರು. ಗೀರಿನ ಸುತ್ತ ಇರುವ ಪ್ಲಾಸ್ಟಿಕ್ಕನ್ನು ಗೀರಿನ ತಳದ ಮಟ್ಟಕ್ಕೆ ಸವೆಸಬೇಕು, ಆಮೇಲೆ ಸವೆಸಿದ ಗುರುತನ್ನು ಇನ್ನೂ ಸಣ್ಣ ಕಣದಿಂದ ಸವೆಸಬೇಕು. ಕಣ್ಣಿಗೆ ಗುರುತು ಕಾಣದಷ್ಟು ಸಣ್ಣದಾಗುವವರೆಗೆ ಹೀಗೇ ಮುಂದುವರಿಯಬೇಕು. ಇದು ತಲೆಯಲ್ಲಿದ್ದರೆ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕೈ ಹಾಕಬಾರದು ಅನ್ನೋದು ತಾನಾಗೇ ಗೊತ್ತಾಗುತ್ತದೆ.

ಕೈ ಹಾಕುವ ಮುಂಚೆ ಮೈ ನೋಡಿ

ನಯವಾಗಿ ಹೊಳೆಯುವ, ಪ್ಲಾಸ್ಟಿಕ್ಕಿಗೇ ಬಣ್ಣ ಬೆರೆಸಿ ಮಾಡಿದ ಬಾಡಿ ಇದ್ದರೆ ಧೈರ್ಯವಾಗಿ ಉಜ್ಜಬಹುದು. ಪಾರದರ್ಶಕ ಕಿಟಕಿ ಇನ್ನೂ ಒಳ್ಳೆಯದು, ಫಲ ಅಲ್ಲೇ ಚೆನ್ನಾಗಿ ಕಾಣುವುದು. ಮೇಲೆ ಬಣ್ಣ ಅಥವಾ ಬೆಳ್ಳಿಯಂಥ ಲೇಪ ಇರುವ ಬಾಡಿಯನ್ನು ಉಜ್ಜಿದರೆ ಲೇಪ ಹೋಗಿ ಬೇರೆ ಬಣ್ಣದ ಮಚ್ಚೆ ಬೀಳುತ್ತದೆ. ಇವೆರಡನ್ನು ಗುರುತಿಸುವುದು ಸುಲಭ. ಬ್ಯಾಟರಿ ಮುಚ್ಚಳ ತೆಗೆದು ಒಳಮೈ ನೋಡಿ. ಒಳಗೂ ಹೊರಗೂ ಒಂದೇ ಬಣ್ಣ ಇದ್ದರೆ ಅದು ಪ್ಲಾಸ್ಟಿಕ್ಕಿನದೇ ಬಣ್ಣ. ಒಳಗೆ ಬೂದು, ಹೊರಗೆ ಬಂಗಾರ ಅಂತಿದ್ದರೆ ಬಿಟ್ಟುಬಿಡಿ. ಮುಚ್ಚಳ ಬಿಚ್ಚಲು ಬರದಿದ್ದರೆ ಸವೆದ ಮೂಲೆ ನೋಡಿ, ಅಲ್ಲಿ ಸತ್ಯ ಗೊತ್ತಾಗುತ್ತದೆ.

ಮುಟ್ಟಿದರೆ ತರಿತರಿ ಅನ್ನುವ ಮ್ಯಾಟ್ ಬಾಡಿಗಳಿಗೆ ಈ ವಿಧಾನ ಬೇಡವೇ ಬೇಡ. ಆ ತರಿ ಅಚ್ಚಿನಲ್ಲೇ ಮೂಡಿಸಿದ್ದು. ಗೀರು ತೆಗೆಯಲು ಹೋದರೆ ತರಿ ನುಣುಪಾಗಿ, ಅಲ್ಲಿ ಮಾತ್ರ ಮಿರಮಿರ ಹೊಳೆದು ಗೀರಿಗಿಂತ ಕೆಟ್ಟದಾಗಿ ಕಾಣುತ್ತದೆ.

ಸ್ಕ್ರೀನು, ಕ್ಯಾಮೆರಾ ಮೇಲಿನ ಗಾಜು ಇವುಗಳ ತಂಟೆಗೂ ಹೋಗಬೇಡಿ. ಟಚ್ ಸ್ಕ್ರೀನಿನ ಗಾಜಿನ ಮೇಲೆ ಬೆರಳ ಜಿಡ್ಡು ಹಿಡಿಯದಂತೆ ಒಂದು ತೆಳು ಲೇಪ ಇರುತ್ತದೆ, ಉಜ್ಜಿದರೆ ಮೊದಲು ಹೋಗುವುದು ಅದು. ಬಾಡಿ ಮೇಲೆ ಅಚ್ಚಾದ ಅಕ್ಷರ, ಅಂಕಿಗಳೂ ಉಜ್ಜಿದರೆ ಉಳಿಯುವುದಿಲ್ಲ.

ಇನ್ನು ಗೀರಿನ ಆಳ. ಹೆಬ್ಬೆರಳಿನ ಉಗುರನ್ನು ಗೀರಿಗೆ ಅಡ್ಡಲಾಗಿ ಮೆಲ್ಲಗೆ ಎಳೆಯಿರಿ. ಉಗುರು ಜಾರಿಹೋದರೆ ಅದು ಮೇಲ್ಮೈ ಗೀರು, ಬರೀ ಪಾಲಿಷ್‌ನಲ್ಲಿ ಹೋಗುತ್ತದೆ. ಉಗುರು ಸಣ್ಣಗೆ ತಡೆದರೆ ಪಾಲಿಷ್ ಪೇಪರ್ ಬೇಕು. ಉಗುರು ಒಳಗೇ ಸಿಕ್ಕಿಕೊಂಡರೆ ಅದು ಗುಳಿ. ಅದರ ಮಾತು ಕೊನೆಗೆ.

ಸಾಮಾನು

ಪೇಂಟ್ ಅಂಗಡಿಗೋ, ಗಾಡಿಗೆ ಟಚಪ್ ಮಾಡುವವರು ಸಾಮಾನು ತರುವ ಅಂಗಡಿಗೋ ಹೋಗಿ, "ಅಣ್ಣಾ, ವಾಟರ್ ಪೇಪರ್ ಸಾವಿರದ್ದು, ಸಾವಿರದೈನೂರದ್ದು, ಎರಡು ಸಾವಿರದ್ದು ಒಂದೊಂದು ಕೊಡ್ರಿ" ಅಂದರೆ ಆಯಿತು. ವಾಟರ್ ಪೇಪರ್ ಅಂದರೆ ನೀರಲ್ಲಿ ನೆನೆಸಿ ಉಜ್ಜುವ ಪಾಲಿಷ್ ಪೇಪರ್. ನಂಬರ್ ಹಾಳೆಯ ಹಿಂದೆ ಅಚ್ಚಾಗಿರುತ್ತದೆ. ನಂಬರ್ ಹೆಚ್ಚಾದಷ್ಟು ಕಣ ಸಣ್ಣದು. 400ರ ಪೇಪರ್‌ನ ಕಣ ಸುಮಾರು 35 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), 1000ದ್ದು 18, 2000ದ್ದು 10. ಮರದ ಬಾಗಿಲು ಉಜ್ಜುವ ಕಂದು ಪೇಪರ್ ತರಬೇಡಿ. ನೀರು ತಾಗಿದರೆ ಅದು ಹರಿದು ಕೈಗೆ ಬರುತ್ತದೆ.

ಅದೇ ಅಂಗಡಿಯಲ್ಲಿ ಗಾಡಿಗೆ ಹಚ್ಚಿ ತಿಕ್ಕಿ ಹೊಳಪು ತರುವ ಪೇಸ್ಟು, ಅಂದರೆ ರಬ್ಬಿಂಗ್ ಕಾಂಪೌಂಡ್, ಚಿಕ್ಕ ಡಬ್ಬಿಯಲ್ಲಿ ಸಿಗುತ್ತದೆ, ಅದನ್ನೂ ತಗೊಳ್ಳಿ. ಮನೆಯಲ್ಲಿ ಬಿಳಿ ಟೂತ್‌ಪೇಸ್ಟ್ ಇರಲಿ. ಬಣ್ಣದ ಜೆಲ್ ಬೇಡ, ಹರಳು ಹರಳಾಗಿ ಇರುವುದೂ ಬೇಡ. ಮಕ್ಕಳ ಕಂಪಾಸು ಬಾಕ್ಸಿನಿಂದ ಒಂದು ರಬ್ಬರು, ಪಾತ್ರೆ ತೊಳೆಯುವ ಲಿಕ್ವಿಡ್, ಪೇಂಟರ್‌ಗಳು ಅಂಚಿಗೆ ಅಂಟಿಸುವ ಮಾಸ್ಕಿಂಗ್ ಟೇಪು ಬೇಕು. ಪೇಪರಿಗಂತೂ ಒಂದು ಪ್ಲೇಟ್ ಒಗ್ಗರಣಿ, ನಾಲ್ಕು ಮಿರ್ಚಿ ತಿಂದಷ್ಟೇ ಖರ್ಚು.

ಬಟ್ಟೆಯ ಬಗ್ಗೆ ಒಂದು ಮಾತು. ನಮ್ಮೂರಲ್ಲಿ ಜೀನ್ಸ್ ಹೊಲಿಯುವ ಯೂನಿಟ್‌ಗಳು ಗಲ್ಲಿಗಲ್ಲಿಗೆ ಇವೆ. ಹಾಗಾಗಿ ಮನೆ, ಗ್ಯಾರೇಜು ಎಲ್ಲಾ ಕಡೆ ಒರೆಸಲು ಜೀನ್ಸ್ ತುಂಡೇ. ಈ ಕೆಲಸಕ್ಕೆ ಮಾತ್ರ ಅದು ಬೇಡ, ಅದರ ನೇಯ್ಗೆ ಒರಟು. ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿಯ ಬನಿಯನ್ ಅಥವಾ ಕನ್ನಡಕದ ಜೊತೆ ಬರುವ ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು.

ಕೆಲಸ ಶುರು

ಸಾಧನ ಆಫ್ ಮಾಡಿ. ಸೆಲ್ ಅಥವಾ ಬ್ಯಾಟರಿ ತೆಗೆಯಲು ಬಂದರೆ ತೆಗೆದುಬಿಡಿ. ಹಿಂದಿನ ಕವರ್ ಬಿಚ್ಚಲು ಬರುವ ಫೋನಾದರೆ ಅದೃಷ್ಟ, ಕವರನ್ನಷ್ಟೇ ತಗೊಂಡು ನಲ್ಲಿ ಕೆಳಗೇ ಕೆಲಸ ಮಾಡಬಹುದು. ಉಳಿದದ್ದಕ್ಕೆ ಟೇಪು ಬೇಕು. ಚಾರ್ಜಿಂಗ್ ತೂತು, ಸ್ಪೀಕರ್ ಜಾಲರಿ, ಮೈಕಿನ ಸೂಜಿರಂಧ್ರ, ಬಟನ್ ಸುತ್ತಲಿನ ಸಂದು ಎಲ್ಲವನ್ನೂ ಮುಚ್ಚಿ. ಅಕ್ಷರ ಉಳಿಸಿಕೊಳ್ಳಬೇಕಾದರೆ ಅದರ ಮೇಲೂ ಟೇಪು ಹಾಕಿ. ಅಪ್ಪನ ರೇಡಿಯೊದಲ್ಲಿ ಕಿಟಕಿಯನ್ನು ಬಾಡಿಗೆ ಅಂಟಿಸಿದ್ದರು. ಅದನ್ನು ಕೀಳಲು ಹೋಗಲಿಲ್ಲ, ಸುತ್ತ ಎರಡು ಸುತ್ತು ಟೇಪು ಹಾಕಿ ಕಿಟಕಿ ಮಾತ್ರ ತೆರೆದಿಟ್ಟೆ.

ಮೊದಲು ಧೂಳು ತೆಗೆಯಬೇಕು. ಒಣ ಬಟ್ಟೆಯಿಂದ ಒರೆಸಬೇಡಿ. ಬಾಯಿಂದಲೂ ಊದಬೇಡಿ, ಎಂಜಲು ಹಾರುತ್ತದೆ. ಮೆತ್ತನೆ ಬ್ರಷ್‌ನಿಂದ ಝಾಡಿಸಿ. ಆಮೇಲೆ ಒಂದೆರಡು ಹನಿ ಲಿಕ್ವಿಡ್ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒತ್ತದೆ ಒಂದೇ ದಿಕ್ಕಿಗೆ ಒರೆಸಿ. ಒಂದು ಸಲ ಒರೆಸಿದ ಮಗ್ಗುಲನ್ನು ತಿರುವಿ ಹೊಸ ಮಗ್ಗುಲಿನಿಂದ ಮತ್ತೆ ಒರೆಸಿ. ಇಯರ್‌ಬಡ್ಸ್ ಡಬ್ಬಿಗಳಲ್ಲಿ ಇನ್ನೊಂದು ತಾಪತ್ರಯ ಇದೆ. ಅವುಗಳ ಮುಚ್ಚಳದಲ್ಲಿ ಮ್ಯಾಗ್ನೆಟ್ ಇರುತ್ತದೆ. ಗ್ರೈಂಡಿಂಗ್ ಮಾಡುವ ಕಡೆ ಹಾರುವ ಕಬ್ಬಿಣದ ಪುಡಿ, ಅದಿರಿನ ಧೂಳಲ್ಲಿರುವ ಮ್ಯಾಗ್ನೆಟೈಟ್ ಕಣ ಅಲ್ಲಿ ಗಡ್ಡದ ಹಾಗೆ ಹಿಡಿದುಕೊಳ್ಳುತ್ತವೆ. ಒರೆಸಿದರೆ ಅಲ್ಲೇ ಗೀರು. ಸೆಲ್ಲೋಟೇಪ್ ತುಂಡನ್ನು ಅಂಟಿಸಿ ಎತ್ತಿ, ಅಂಟಿಸಿ ಎತ್ತಿ ತೆಗೆಯಿರಿ.

ಈಗ ಉಜ್ಜುವುದು. ಇಲ್ಲಿ ಬಹಳ ಜನ ಎಡವುತ್ತಾರೆ. ಗೀರು ಜಾಸ್ತಿ ಇದೆ ಅಂತ ನೇರವಾಗಿ ಒರಟು ಪೇಪರ್ ಹಿಡಿಯುತ್ತಾರೆ. ನೀವು ತಿರುಗಿಸಿ ಮಾಡಿ. ಮೊದಲು ಅತಿ ನುಣುಪಾದದ್ದರಿಂದ ಒಂದು ಮೂಲೆಯಲ್ಲಿ ಪರೀಕ್ಷೆ. ಟೂತ್‌ಪೇಸ್ಟ್‌ನಲ್ಲೇ ಗೀರು ಹೋದರೆ ಪೇಪರ್ ಬೇಕೇ ಇಲ್ಲ. ಹೋಗದಿದ್ದರೆ ಕಾಂಪೌಂಡ್, ಅದಕ್ಕೂ ಬಗ್ಗದಿದ್ದರೆ 2000, ಆಮೇಲೆ 1500, ಆಮೇಲೆ 1000. ಎಲ್ಲಿ ಗೀರು ಮಾಯವಾಗಲು ಶುರುವಾಯಿತೋ ಅಲ್ಲಿಂದ ಪೂರ್ತಿ ಕೆಲಸ ಆರಂಭಿಸಿ ಮತ್ತೆ ನುಣುಪಿನ ಕಡೆ ಬನ್ನಿ. ಅಪ್ಪನ ಕಿಟಕಿಗೆ 1500ರಿಂದ ಶುರು ಮಾಡಬೇಕಾಯಿತು. ಫೋನಿಗೆ 1000ಕ್ಕಿಂತ ಕೆಳಗೆ ನಾನು ಸಾಮಾನ್ಯವಾಗಿ ಇಳಿಯುವುದಿಲ್ಲ.

ಪೇಪರ್‌ನ ಸಣ್ಣ ತುಂಡು ಕತ್ತರಿಸಿ ಹತ್ತು ನಿಮಿಷ ನೀರಲ್ಲಿ ನೆನೆಹಾಕಿ. ನೆಂದರೆ ಅದರ ಅಂಚು ಮೆತ್ತಗಾಗುತ್ತದೆ. ಚಪ್ಪಟೆ ಜಾಗಕ್ಕೆ ಅದನ್ನು ರಬ್ಬರಿಗೆ ಸುತ್ತಿಕೊಳ್ಳಿ. ಬರೀ ಬೆರಳಲ್ಲಿ ಉಜ್ಜಿದರೆ ಬೆರಳ ತುದಿಯ ಕೆಳಗೆ ಮಾತ್ರ ಜಾಸ್ತಿ ಸವೆದು ತಗ್ಗು ಬೀಳುತ್ತದೆ, ಬೆಳಕಿಗೆ ಹಿಡಿದಾಗ ಅಲೆ ಅಲೆಯಾಗಿ ಕಾಣುತ್ತದೆ. ಬಾಗಿದ ಮೂಲೆಗೆ ಮಾತ್ರ ಬೆರಳು ಸರಿ. ಲಿಕ್ವಿಡ್ ಬೆರೆಸಿದ ನೀರನ್ನು ನಾಲ್ಕು ಹನಿ ಹಾಕಿ, ಭಾರ ಹಾಕದೆ, ಒಂದೇ ದಿಕ್ಕಿಗೆ ಉಜ್ಜಿ. ಆ ಸವೆದ ಪ್ಲಾಸ್ಟಿಕ್ ನೀರಿಗೆ ಸೇರಿ ತಿಳಿ ಹಾಲಿನ ಹಾಗೆ ಬಿಳಿಯಾಗುತ್ತದೆ. ಕಪ್ಪು ಬಾಡಿಯಾದರೆ ಬೂದಿ ಬಣ್ಣ. ಒಣಗಿಸಿ ಉಜ್ಜಿದರೆ ಅದೇ ಪುಡಿ ಮೂಗಿಗೆ ಹೋಗುತ್ತದೆ, ಪೇಪರ್‌ಗೆ ಕಟ್ಟಿಕೊಂಡು ಹೊಸ ಗೀರೂ ಹಾಕುತ್ತದೆ. ಜಾಗ ಯಾವಾಗಲೂ ಒದ್ದೆ ಇರಲಿ, ಆದರೆ ನೀರು ಹರಿಯುವಷ್ಟು ಬೇಡ.

ಎರಡು ಮೂರು ನಿಮಿಷಕ್ಕೊಮ್ಮೆ ಒರೆಸಿ ನೋಡಿ. ಮೊಬೈಲ್ ಟಾರ್ಚನ್ನು ಮೇಲಿನಿಂದ ಹಿಡಿಯಬೇಡಿ, ಪಕ್ಕದಿಂದ, ಬಾಡಿಯ ಮಟ್ಟಕ್ಕೆ ತಂದು ಹಿಡಿಯಿರಿ. ಉಳಿದ ಗೀರೆಲ್ಲ ಬೆಳ್ಳಿ ಎಳೆಯ ಹಾಗೆ ಎದ್ದು ಕಾಣುತ್ತವೆ.

ಹಳೆಯ ಗೀರು ಹೋಗಿ ಪೂರ್ತಿ ಜಾಗ ಒಂದೇ ಸಮ ಮಬ್ಬಾದಾಗ ಮುಂದಿನ ನಂಬರಿಗೆ ಹೋಗಿ. ಈಗ ಉಜ್ಜುವ ದಿಕ್ಕು ಬದಲಾಯಿಸಬೇಕು. ಮೊದಲು ಉದ್ದಕ್ಕೆ ಉಜ್ಜಿದ್ದರೆ ಈಗ ಅಡ್ಡಕ್ಕೆ. ಹಿಂದಿನ ಪೇಪರ್‌ನ ಉದ್ದ ಗೆರೆಗಳು ಒಂದೂ ಉಳಿಯದೆ ಬರೀ ಅಡ್ಡ ಗೆರೆ ಕಂಡರೆ ಆ ಹಂತ ಮುಗಿದಂತೆ. ದಿಕ್ಕು ಬದಲಿಸದಿದ್ದರೆ ಯಾವ ಗೆರೆ ಯಾವ ಪೇಪರಿನದು ಅಂತ ತಿಳಿಯುವುದೇ ಇಲ್ಲ. ಪ್ರತಿ ಹಂತದ ನಡುವೆ ಬಾಡಿ, ರಬ್ಬರು, ಕೈ ಎಲ್ಲಾ ತೊಳೆದುಕೊಳ್ಳಿ, ನೀರನ್ನೂ ಚೆಲ್ಲಿ ಹೊಸದು ಹಿಡಿಯಿರಿ. 1000ದ ಒಂದೇ ಒಂದು ಕಣ 2000ದ ಪೇಪರ್ ಕೆಳಗೆ ಸಿಕ್ಕರೆ ಉದ್ದಕ್ಕೆ ಒಂದು ಗೆರೆ ಎಳೆದುಬಿಡುತ್ತದೆ. ಆಗ ಹಿಂದಿನ ಹಂತಕ್ಕೆ ವಾಪಸ್ ಹೋಗಬೇಕು. ನನಗೆ ಹಾಗೆ ಎರಡು ಸಲ ಆಗಿದೆ.

2000 ಮುಗಿದಾಗ ಕಿಟಕಿ ಮೊದಲಿಗಿಂತ ಮಬ್ಬಾಗಿ, ಮಂಜು ಕವಿದ ಹಾಗಿರುತ್ತದೆ. ಹೆದರಬೇಡಿ, ಹಾಗೇ ಇರಬೇಕು. ಅಪ್ಪ ಅಷ್ಟೊತ್ತಿಗೆ ಬಂದು ನೋಡಿ, "ಇದ್ದದ್ದೂ ಹೋತೇನಪಾ" ಅಂದರು. ಆ ಮಬ್ಬು 10 ಮೈಕ್ರಾನಿನ ಕಣಗಳು ಹಾಕಿದ ಸಣ್ಣ ಗೀರುಗಳ ಗುಂಪು ಅಷ್ಟೆ.

ಈಗ ಕಡಲೆಕಾಳಿನಷ್ಟು ರಬ್ಬಿಂಗ್ ಕಾಂಪೌಂಡ್ ಬಟ್ಟೆಗೆ ಹಚ್ಚಿ, ಸಣ್ಣ ಸಣ್ಣ ಸುತ್ತಾಗಿ ತಿಕ್ಕಿ. ಐದು ನಿಮಿಷ ಬೇಕಾಗಬಹುದು. ಒಂದೇ ಕಡೆ ಜೋರಾಗಿ ತಿಕ್ಕಿದರೆ ಬಿಸಿಯಾಗಿ ಪ್ಲಾಸ್ಟಿಕ್ ಮೈ ಕಲಸಿದ ಹಾಗಾಗುತ್ತದೆ, ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸಿ. ಕಾಂಪೌಂಡ್ ಒರೆಸಿ, ಬಟ್ಟೆ ಬದಲಿಸಿ, ಟೂತ್‌ಪೇಸ್ಟ್‌ನಿಂದ ಇನ್ನೊಂದು ಸುತ್ತು. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿ, ಟೇಪು ಕಿತ್ತು, ಸಂದಿಯಲ್ಲಿ ಉಳಿದ ಬಿಳಿ ಪೇಸ್ಟನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಒಣಗಿದರೆ ಅದು ಸುಣ್ಣದ ಹಾಗೆ ಕೂತುಬಿಡುತ್ತದೆ.

ಒಣಗಿಸಲು ಬಿಸಿಲಿಗೆ ಇಡಬೇಡಿ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲಿನ ಕಪ್ಪು ಪ್ಲಾಸ್ಟಿಕ್ ಇನ್ನೆಷ್ಟು ಬಿಸಿಯಾಗಬೇಡ! ಲಿಥಿಯಂ ಬ್ಯಾಟರಿಗೆ ಅದು ಒಳ್ಳೆಯದಲ್ಲ. ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ, ಆಮೇಲೆ ಸೆಲ್ ಹಾಕಿ.

ಹಾಳಾದದ್ದು

ಪಕ್ಕದ ಮನೆಯವರ ಸ್ಪೀಕರ್ ಮೇಲೆ ಗೀರಿನ ಜೊತೆ ಹಳೇ ಸ್ಟಿಕ್ಕರ್‌ನ ಗೋಂದೂ ಇತ್ತು. ಮನೆಯಲ್ಲಿ ಪೇಂಟಿನ ಥಿನ್ನರ್ ಉಳಿದಿತ್ತು, ಬಟ್ಟೆಗೆ ಹಾಕಿ ಒರೆಸಿದೆ. ಗೋಂದು ಥಟ್ಟನೆ ಹೋಯಿತು. ಖುಷಿಯಲ್ಲಿ ಇನ್ನೊಂದು ಸಲ ಒರೆಸಿದೆ. ಬಟ್ಟೆಗೆ ಕಪ್ಪು ಹತ್ತಿತು. ನೋಡಿದರೆ ಹೊಳಪಿನ ಮೈ ಬೆಲ್ಲದ ಪಾಕ ಒಣಗಿದಂತೆ ಸುಕ್ಕಾಗಿತ್ತು, ನನ್ನ ಬೆರಳ ಗುರುತು ಅದರಲ್ಲಿ ಅಚ್ಚಾಗಿ ಕೂತಿತ್ತು. ಆ ಮನೆಯ ಹುಡುಗ ಅದನ್ನು ನೋಡಿ ಏನೂ ಮಾತಾಡಲಿಲ್ಲ. ಅದು ನನಗೆ ಬಹಳ ದಿನ ಕಾಡಿತು.

ಇಂಥ ಬಾಡಿಗಳು ಸಾಮಾನ್ಯವಾಗಿ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಅನ್ನೋ ಪ್ಲಾಸ್ಟಿಕ್, ಇಲ್ಲವೇ ಎರಡರ ಮಿಶ್ರಣ. ಥಿನ್ನರ್ ಮತ್ತು ಉಗುರು ಬಣ್ಣ ತೆಗೆಯುವ ದ್ರವದಲ್ಲಿನ ಅಸಿಟೋನ್ ಎಬಿಎಸ್ ಅನ್ನು ಕರಗಿಸುತ್ತವೆ. ಪಾಲಿಕಾರ್ಬೊನೇಟ್ ತಕ್ಷಣ ಚೆನ್ನಾಗೇ ಕಂಡರೂ ಆಮೇಲೆ ಸ್ಕ್ರೂ ಇರುವ ಕಡೆ ಕೂದಲೆಳೆಯಂಥ ಬಿರುಕು ಬಿಡಬಹುದು. ಅಮೋನಿಯ ಇರುವ ಗಾಜು ಒರೆಸುವ ದ್ರವವೂ ಅದಕ್ಕೆ ಆಗುವುದಿಲ್ಲ. ಪೆಟ್ರೋಲ್ ಅಂತೂ ಬೆಂಕಿಯ ಅಪಾಯ ಬೇರೆ. ಗೋಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟು, ಬೆರಳಿಂದ ಉರುಳಿಸಿ, ಲಿಕ್ವಿಡ್ ನೀರಲ್ಲಿ ಒರೆಸಿದರೆ ಸಾಕು.

ಕೊಬ್ಬರಿ ಎಣ್ಣೆ ಹಚ್ಚಿದರೆ ಗೀರೇ ಹೋಗುತ್ತದೆ ಅಂತಲೂ ಹೇಳುತ್ತಾರೆ. ಹೋಗುವುದಿಲ್ಲ. ಗೀರಿನ ಒರಟು ಅಂಚುಗಳಲ್ಲಿ ಬೆಳಕು ಚದುರುವುದರಿಂದ ಅದು ಬೆಳ್ಳಗೆ ಕಾಣುತ್ತದೆ. ಎಣ್ಣೆ ಆ ಸಂದು ತುಂಬಿದಾಗ ಚದುರುವುದು ಕಡಿಮೆಯಾಗಿ ಗೀರು ಅಡಗುತ್ತದೆ, ಎಣ್ಣೆ ಒರೆಸಿದರೆ ಮತ್ತೆ ಬರುತ್ತದೆ. ಅಷ್ಟರಲ್ಲಿ ಜಿಡ್ಡಿಗೆ ಇನ್ನಷ್ಟು ಧೂಳು ಮೆತ್ತಿರುತ್ತದೆ. ಲೈಟರ್ ತೋರಿಸಿ ಕರಗಿಸುವುದು, ಹೇರ್ ಡ್ರೈಯರ್ ಹಿಡಿಯುವುದು ಬೇಡ. ಎಬಿಎಸ್ ಸುಮಾರು 105 ಡಿಗ್ರಿಗೆ ಮೆತ್ತಗಾಗುತ್ತದೆ, ಒಳಗಿನ ಬ್ಯಾಟರಿಗೆ ಅದಕ್ಕಿಂತ ಎಷ್ಟೋ ಮೊದಲೇ ಅಪಾಯ.

ಗುಳಿ ಬಿದ್ದಿದ್ದರೆ

ಉಗುರು ಸಿಕ್ಕಿಕೊಳ್ಳುವಷ್ಟು ಆಳ ಇದ್ದರೆ ಸುತ್ತಲಿನ ಮೈ ಅಷ್ಟು ಇಳಿಸುವುದು ಸರಿಯಲ್ಲ, ಬಾಡಿ ತೆಳುವಾಗುತ್ತದೆ. ತುಂಬುವುದೇ ದಾರಿ. ಕೊಪ್ಪಳದ ಹತ್ತಿರ ಕಿನ್ನಾಳದಲ್ಲಿ ಗೊಂಬೆ ಮಾಡುವವರು ಮರದ ಮೇಲೆ ನೇರ ಬಣ್ಣ ಹಚ್ಚುವುದಿಲ್ಲ. ಹುಣಸೆ ಬೀಜದ ಅಂಟು ಬೆರೆಸಿದ ಲೇಪದಿಂದ ಮೈ ಸಮ ಮಾಡಿಕೊಂಡು ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ಇಲ್ಲೂ ಅದೇ ಕ್ರಮ, ಅಂಟು ಮಾತ್ರ ಫೆವಿಕ್ವಿಕ್ ಥರದ್ದು.

ಟೂತ್‌ಪಿಕ್ ತುದಿಯಲ್ಲಿ ಒಂದು ಚಿಕ್ಕ ಹನಿ ತಗೊಂಡು ಗುಳಿಗೆ ಮಾತ್ರ ಬಿಡಿ. ಮೈಗಿಂತ ಕೂದಲಷ್ಟು ಉಬ್ಬಿ ನಿಲ್ಲಲಿ. ಗಾಳಿಯಾಡುವ ಕಡೆ ಒಂದು ರಾತ್ರಿ ಬಿಡಿ. ಮುಚ್ಚಿದ ಡಬ್ಬದಲ್ಲಿ ಇಟ್ಟರೆ ಅಂಟಿನ ಆವಿ ಸುತ್ತ ಬಿಳಿ ಪುಡಿಯಾಗಿ ಕೂರುತ್ತದೆ. ಮರುದಿನ ಉಬ್ಬನ್ನು 1000ದ ಪೇಪರಿಂದ ಸಮ ಮಾಡಿ, ಉಳಿದದ್ದು ಮೇಲೆ ಹೇಳಿದ ಹಾಗೇ. ಕಪ್ಪು ಬಾಡಿಯಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಬಿಳಿ ಬಾಡಿಯಲ್ಲಿ ಗುರುತು ಉಳಿಯುತ್ತದೆ. ಬೆರಳಿಗೆ ಅಂಟಿದರೆ ಎಳೆಯಬೇಡಿ, ಬೆಚ್ಚಗಿನ ಸೋಪು ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ.

ಹಳೇ ಸಾಧನಗಳ ರಬ್ಬರಿನಂಥ ಮೈ ಅಂಟಂಟಾಗಿದ್ದರೆ ಅದು ಗೀರಿನ ಸಮಸ್ಯೆ ಅಲ್ಲ, ಲೇಪ ಕೊಳೆತಿರುವುದು. ಐಸೊಪ್ರೊಪೈಲ್ ಆಲ್ಕೊಹಾಲ್ ತಂದು ಮರೆಯಾದ ಮೂಲೆಯಲ್ಲಿ ಪರೀಕ್ಷಿಸಿ, ಬಟ್ಟೆಯಿಂದ ಆ ಲೇಪವನ್ನೇ ಪೂರ್ತಿ ತೆಗೆದುಬಿಡಿ. ಕೆಳಗಿನ ಪ್ಲಾಸ್ಟಿಕ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ.

ಫೋನಿಗೆ ಹಾಕುವ ಬ್ಯಾಕ್ ಕವರ್ ಬಗ್ಗೆ ಬಹಳ ಜನ ಗಮನ ಕೊಡುವುದಿಲ್ಲ. ಕವರ್ ಇದೆ ಅಂತ ನಿಶ್ಚಿಂತೆ. ಆದರೆ ಅದರ ಅಂಚಿನಿಂದ ಒಳ ಹೋದ ಧೂಳು ಹೊರಗೆ ಬರುವುದಿಲ್ಲ, ಕವರ್ ಅಲುಗಾಡಿದಾಗಲೆಲ್ಲ ಬಾಡಿಯನ್ನು ಉಜ್ಜುತ್ತಲೇ ಇರುತ್ತದೆ. ಒಂದು ಸಲ ನಿಮ್ಮದನ್ನು ತೆಗೆದು ನೋಡಿ, ಒಳಗೆ ಮೂಲೆಯಲ್ಲಿ ಕೆಂಪು ಗೆರೆ ಕಂಡೇ ಕಾಣುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಕವರನ್ನು ಸೋಪು ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ಅಪ್ಪನ ರೇಡಿಯೊಗೆ ಅಮ್ಮ ಹಳೇ ಹತ್ತಿ ಸೀರೆಯಿಂದ ಒಂದು ಚೀಲ ಹೊಲಿದಿದ್ದಾಳೆ. ಮೊದಲು ರೇಡಿಯೊ ಜೊತೆ ಒಂದೇ ಜೇಬಲ್ಲಿರುತ್ತಿದ್ದ ಬೀಗದ ಕೈ ಈಗ ಇನ್ನೊಂದು ಜೇಬಿಗೆ. ಟವೆಲ್‌ನಿಂದ ಒರೆಸುವುದನ್ನು ಮಾತ್ರ ಅಪ್ಪ ಇನ್ನೂ ಮರೆತಿಲ್ಲ, ಹಾಗಾಗಿ ರೇಡಿಯೊ ಇಡುವ ಗೂಡಿನಲ್ಲಿ ಒಂದು ಮೆತ್ತನೆ ಬ್ರಷ್ ಇಟ್ಟಿದ್ದೇನೆ.